ಕಿಲ್ -9 ಕೊನೆಗಿರಲಿ

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲವು ಫೌಂಡ್ರಿಗಳ ಲಿನಕ್ಸ್ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತಿಂಗಳ ಕೊನೆ ಬಂತೆಂದರೆ ಅಕೌಂಟ್ಸ್‌ನಿಂದ ಫೋನ್ ಬರುತ್ತದೆ. "ಸರ್, ರಿಪೋರ್ಟ್ ಅಲ್ಲೇ ನಿಂತೈತ್ರೀ, ಕಿಲ್ ಹೊಡದ್ ಬಿಡ್ರಿ." ಅವರು ಕೇಳುವುದು ಕಿಲ್ -9, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬಲವಂತವಾಗಿ ಮುಗಿಸುವ ಕಮಾಂಡ್. ನಾನು ಅದನ್ನು ಮೊದಲೇ ಹೊಡೆಯುವುದಿಲ್ಲ.

ಕಿಲ್ ಮಾಡುವುದು ಸಿಗ್ನಲ್ ಕಳಿಸುವ ಕೆಲಸ, ಅಷ್ಟೇ. ನಂಬರ್ ಕೊಡದಿದ್ದರೆ ಹೋಗುವುದು 15, ಅಂದರೆ ಟರ್ಮ್. ಪ್ರೋಗ್ರಾಮ್ ಅದನ್ನು ಹಿಡಿದುಕೊಂಡು, ಫೈಲ್ ಮುಚ್ಚಿ, ಲಾಕ್ ಬಿಟ್ಟು ಹೊರಡಬಹುದು. 9 ಆ ಪ್ರೋಗ್ರಾಮ್‌ಗೆ ಗೊತ್ತೇ ಆಗುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ನೇರವಾಗಿ ಮುಗಿಸುತ್ತದೆ. ಅರ್ಧ ಬರೆದದ್ದು ಅರ್ಧಕ್ಕೇ ಉಳಿಯಬಹುದು.

ನಮ್ಮ ಲೆಕ್ಕಪತ್ರ ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ. ಅಲ್ಲಿ ಇದು ಇನ್ನೂ ದುಬಾರಿ. ಒಬ್ಬರ ಕನೆಕ್ಷನ್ನಿನ ಪ್ರಾಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮಿಗೆ) 9 ಹೊಡೆದರೆ, ಎಲ್ಲ ಕನೆಕ್ಷನ್ನುಗಳೂ ಹಂಚಿಕೊಳ್ಳುವ ಶೇರ್ಡ್ ಮೆಮೊರಿ ಕೆಟ್ಟಿರಬಹುದು ಎಂದು ಡೇಟಾಬೇಸ್ ಉಳಿದ ಎಲ್ಲರ ಕನೆಕ್ಷನ್ನನ್ನೂ ಕಡಿದು ರಿಕವರಿಗೆ ಹೋಗುತ್ತದೆ. ಒಂದು ರಿಪೋರ್ಟಿಗಾಗಿ ಗೇಟ್‌ಪಾಸ್ ಬರೆಯುವವರೂ, ಬಿಲ್ ಹೊಡೆಯುವವರೂ ಕೆಲಸ ಕಳೆದುಕೊಳ್ಳಬೇಕಾ? ಅದಕ್ಕೇ ಮೊದಲು ಕಿಲ್ -2 ಕೊಡುತ್ತೇನೆ. ಓಡುತ್ತಿರುವ ಕ್ವೆರಿ (ಡೇಟಾಬೇಸಿಗೆ ಕೇಳಿದ ಪ್ರಶ್ನೆ) ಮಾತ್ರ ನಿಲ್ಲುತ್ತದೆ, ಕನೆಕ್ಷನ್ ಹಾಗೇ ಇರುತ್ತದೆ. ಜಗ್ಗದಿದ್ದರೆ 15. ಆಗ ಆ ಕನೆಕ್ಷನ್ ಒಂದೇ ಮುಗಿಯುತ್ತದೆ, ಅರ್ಧದಲ್ಲಿದ್ದ ವ್ಯವಹಾರ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ರದ್ದಾಗುತ್ತದೆ. ನೀವು ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಪಿಐಡಿ, ಅಂದರೆ ಪ್ರಾಸೆಸ್ಸಿನ ನಂಬರ್, ಹುಡುಕಲು ನನಗೆ ಪಿಗ್ರೆಪ್ -ಎಎಫ್ (pgrep -af) ಸಾಕು, ಪೂರ್ತಿ ಕಮಾಂಡ್ ಲೈನ್ ತೋರಿಸುತ್ತದೆ. ನಂಬರ್ ಬದಲು ಹೆಸರು ಕೊಟ್ಟು ಸಿಗ್ನಲ್ ಕಳಿಸುವ ಪಿಕಿಲ್ (pkill) ಹೊಡೆಯುವ ಮುನ್ನ ಅದೇ ಪದ ಕೊಟ್ಟು ಪಿಗ್ರೆಪ್ ಓಡಿಸಿ ನೋಡಿ. ಯಾರ್ಯಾರು ಸಿಗುತ್ತಾರೆ ಅಂತ ಮೊದಲೇ ಗೊತ್ತಾಗುತ್ತದಲ್ವಾ? -ಎಫ್ ಇಲ್ಲದೆ ಲಿನಕ್ಸ್‌ನಲ್ಲಿ ಹೆಸರಿನ ಮೊದಲ 15 ಅಕ್ಷರ ಮಾತ್ರ ಹೋಲಿಸುತ್ತದೆ. ಉದ್ದ ಹೆಸರಿನ ಸ್ಕ್ರಿಪ್ಟ್ ಸಿಗದಿದ್ದರೆ ಕಾರಣ ಇದೇ ಇರಬಹುದು.

15 ಕೊಟ್ಟು ಸ್ವಲ್ಪ ಕಾದರೂ ಹೋಗದಿದ್ದರೆ ಪ್ರಾಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್‌ನಲ್ಲಿ (ps) ಸ್ಟೇಟ್ ಕಾಲಮ್ ನೋಡುತ್ತೇನೆ. ಟಿ ಇದ್ದರೆ ಸಾಮಾನ್ಯವಾಗಿ ಯಾರೋ ಕಂಟ್ರೋಲ್-ಝಡ್ ಒತ್ತಿ ನಿಲ್ಲಿಸಿಟ್ಟಿದ್ದಾರೆ. ಅದು ಮುಂದುವರಿಯುವವರೆಗೆ 15 ಬಾಗಿಲಲ್ಲೇ ಕಾಯುತ್ತದೆ, ಹಾಗಾಗಿ ಮುಂದುವರಿ ಎನ್ನುವ ಕಾಂಟ್ (CONT) ಸಿಗ್ನಲ್ಲನ್ನೂ ಕೊಡಬೇಕು. ಡಿ ಇದ್ದರೆ ಡಿಸ್ಕ್‌ಗೋ ನೆಟ್‌ವರ್ಕ್ ಫೋಲ್ಡರ್‌ಗೋ ಕಾಯುತ್ತಿದೆ. ಸಾಮಾನ್ಯವಾಗಿ 9 ಕೂಡ ತಕ್ಷಣ ನಾಟುವುದಿಲ್ಲ, ಡಿಸ್ಕನ್ನೇ ನೋಡಬೇಕು. ಝಡ್ ಅಂದರೆ ಅದು ಆಗಲೇ ಸತ್ತಿದೆ. ಅದನ್ನು ಶುರು ಮಾಡಿದ ತಾಯಿ ಪ್ರಾಸೆಸ್ ಇನ್ನೂ ಅದರ ಲೆಕ್ಕ ಚುಕ್ತಾ ಮಾಡಿಲ್ಲ, ಆ ತಾಯಿಯನ್ನು ಹಿಡಿಯಿರಿ.

ಇದ್ಯಾವುದೂ ಇಲ್ಲದೆ ಸುಮ್ನೆ ಮೊಂಡುತನ ಮಾಡಿದರೆ ಮಾತ್ರ 9.

ಸತ್ತ ಮೇಲೂ ಹೊಸ ಪಿಐಡಿ ಹೊತ್ತು ಮತ್ತೆ ಮತ್ತೆ ಬರುತ್ತಿದ್ದರೆ ಅದು ಬಹುಶಃ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ನಡೆಸುವ ಸರ್ವಿಸ್. ಅದಕ್ಕೆ ಕಿಲ್ ಬೇಡ, ಸಿಸ್ಟಂಕಂಟ್ರೋಲ್ ಸ್ಟಾಪ್ (systemctl stop) ಕೊಡಿ. ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ ಅದೂ ಮೊದಲು 15 ಕಳಿಸಿ, 90 ಸೆಕೆಂಡ್ ಕಾದು, ಆಮೇಲೆ 9 ಹೊಡೆಯುತ್ತದೆ.