ರೈಟರ್‌ನ ಗುಡ್ಡ ಹತ್ತಿಸಿದ ಹೆಡರ್

ಮೂಡಿಗೆರೆ ಕಡೆ ನಮ್ಮ ಸಂಬಂಧಿಕರ ಕಾಫಿ ತೋಟ ಇದೆ. ಹೋದ ಕೊಯ್ಲಿಗೆ ಅಲ್ಲಿಗೊಂದು ಸಣ್ಣ ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ಸಂಜೆ ಹಣ್ಣು ತೂಗುವಾಗ ಯಾರದ್ದು ಎಷ್ಟು ಕೆಜಿ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಮೊಬೈಲಿನಲ್ಲೇ ಒತ್ತಿ ಕಳಿಸಬೇಕು. ಯಾವ ಬ್ಲಾಕಿನ ಹಣ್ಣು ಅನ್ನೋದನ್ನು ನಾನು ಒಂದು ಸ್ವಂತ ಹೆಡರ್‌ನಲ್ಲಿ, ಅಂದರೆ ಬ್ರೌಸರ್ ಸರ್ವರ್‌ಗೆ ಕಳಿಸುವ ವಿನಂತಿಯ ಮೇಲಿನ ಚೀಟಿಯಂಥ ಸಾಲಿನಲ್ಲಿ, ಇಟ್ಟಿದ್ದೆ.

ಮನೆಯಲ್ಲಿ 'ಎ1' ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು. ತೋಟದಲ್ಲಿ ಮಾತ್ರ 'ನೆಟ್‌ವರ್ಕ್ ಇಲ್ಲ'. ರೈಟರ್ ಪಾಪ, ಸಿಗ್ನಲ್ ಹುಡುಕಿಕೊಂಡು ಕಣದಿಂದ ಗುಡ್ಡದ ನೆತ್ತಿಗೆ ಹೋದರು. ಅಲ್ಲಿಂದಲೇ ಫೋನ್: "ಸಾರ್, ವಾಟ್ಸಾಪ್ ಹೋಗ್ತದೆ. ನಿಮ್ಮದು ಮಾತ್ರ ಹೋಗ್ತಿಲ್ಲ."

ಮರುದಿನ ಲ್ಯಾಪ್‌ಟಾಪ್ ತಗೊಂಡು ಹೋಗಿ ಅದೇ ನಮೂದು ಹಾಕಿದೆ. ಬ್ರೌಸರ್ ಕಳಿಸಿದ್ದನ್ನೆಲ್ಲ ತೋರಿಸುವ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿ ಖಾಲಿ. ವಿನಂತಿ ಬ್ರೌಸರ್ ಬಿಟ್ಟು ಹೊರಗೇ ಹೋಗಿರಲಿಲ್ಲ! ಬ್ಲಾಕಿನ ಹೆಸರು 'ಹಳ್ಳದಬದಿ' ಅಂತ ಕನ್ನಡದಲ್ಲಿತ್ತು. ಹೆಡರ್‌ನಲ್ಲಿಟ್ಟ ಮೌಲ್ಯದಲ್ಲಿ ಅಕ್ಷರದ ಯೂನಿಕೋಡ್ ಸಂಖ್ಯೆ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ನಂಬರು) 255 ದಾಟಿದರೆ, ವಿನಂತಿ ಕಳಿಸುವ ಫೆಚ್ ಎಂಬ ಜಾವಾಸ್ಕ್ರಿಪ್ಟ್ ಆಜ್ಞೆ ಟೈಪ್‌ಎರರ್ ಎಂಬ ದೋಷ ಕೊಡುತ್ತದೆ. ಕನ್ನಡದ ಸಾಲು ಶುರುವಾಗೋದೇ 3200ರಿಂದ. ಕೋಡಿನಲ್ಲಿ ದೋಷ ಹಿಡಿಯುವ ನನ್ನ ಕ್ಯಾಚ್ ಭಾಗವೋ, ಏನೇ ತಪ್ಪಾದರೂ 'ನೆಟ್‌ವರ್ಕ್ ಇಲ್ಲ' ಅನ್ನುತ್ತಿತ್ತು. ಬೈಸಿಕೊಳ್ಳಬೇಕಾದ್ದು ನಾನೇ, ಅಲ್ವಾ?

ಕನ್ನಡ ಅಕ್ಷರಗಳನ್ನು % ಚಿಹ್ನೆಯ ಇಂಗ್ಲಿಷ್ ಸಂಕೇತವಾಗಿ ಬದಲಿಸುವ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಿದೆ, ಹೋಯಿತು. ಆದರೆ ಅದರಲ್ಲಿ 'ಹ' ಒಂದಕ್ಕೇ 9 ಅಕ್ಷರ ಬೇಕು, ಒತ್ತಕ್ಷರವಾದರೆ ಇನ್ನೂ ಜಾಸ್ತಿ. ಕೊನೆಗೆ ಅನ್ನಿಸಿತು, ಬ್ಲಾಕಿನ ಹೆಸರಿಗೆ ಹೆಡರ್‌ನಲ್ಲಿ ಏನು ಕೆಲಸ? ವಿನಂತಿಯ ಒಳಭಾಗಕ್ಕೆ (ಬಾಡಿ), ಜೇಸನ್ ಎಂಬ ಮಾಹಿತಿ ರೂಪದಲ್ಲಿ, ಸಾಗಿಸಿದೆ. ಅಲ್ಲಿ ಕನ್ನಡಕ್ಕೆ ತಕರಾರಿಲ್ಲ.

ಇನ್ನೊಂದು ಕಿತಾಪತಿಯನ್ನೂ ಮಾಡಿದ್ದೆ. ಆ್ಯಪಿನ ಆವೃತ್ತಿ ಸರ್ವರ್‌ಗೆ ಗೊತ್ತಾಗಲಿ ಎಂದು ಬ್ರೌಸರ್ ಯಾವುದೆಂದು ಹೇಳುವ ಯೂಸರ್-ಏಜೆಂಟ್ ಹೆಡರ್ ಬದಲಿಸಿದ್ದೆ. ನನ್ನ ಫೈರ್‌ಫಾಕ್ಸ್ ಮಾತು ಕೇಳಿತು. ರೈಟರ್ ಮೊಬೈಲಿನ ಕ್ರೋಮ್ ದೂರೂ ಕೊಡದೆ ಹಳೆಯದನ್ನೇ ಕಳಿಸಿತು. ಕುಕಿ, ಹೋಸ್ಟ್ ಹೆಡರ್‌ಗಳನ್ನಂತೂ ಪುಟದ ಸ್ಕ್ರಿಪ್ಟ್‌ನಿಂದ ಮುಟ್ಟಲು ಯಾವ ಬ್ರೌಸರೂ ಬಿಡಲ್ಲ.

ಉಳಿದದ್ದು ನಿಧಾನ. ಸರ್ವರ್ ಬೇರೆ ಡೊಮೇನಿನಲ್ಲಿತ್ತು. ಹಾಗಾಗಿ ಜೇಸನ್ ಕಳಿಸುವ ಮುನ್ನ ಬ್ರೌಸರ್ ಮೊದಲು 'ಆಪ್ಷನ್ಸ್' ಎಂಬ ಬೇರೆ ವಿನಂತಿ ಕಳಿಸಿ ಸರ್ವರ್‌ನ ಅಪ್ಪಣೆ ಕೇಳುತ್ತದೆ. ಊರಲ್ಲಿ ಗೊತ್ತೇ ಆಗಲ್ಲ, ಆದರೆ ಒಂದು ಕಡ್ಡಿ ಸಿಗ್ನಲ್ ಇರುವ ಕಣದಲ್ಲಿ ಎರಡೆರಡು ಸಲ ಕಾಯಬೇಕು. ಸರ್ವರ್ ಏನೂ ಹೇಳದಿದ್ದರೆ ಆ ಅಪ್ಪಣೆ ನೆನಪಿರೋದು 5 ಸೆಕೆಂಡ್ ಮಾತ್ರ. ಸರ್ವರ್‌ನಲ್ಲಿ ಆ ಅವಧಿ ಹೇಳುವ ಮ್ಯಾಕ್ಸ್-ಏಜ್ 86400 ಸೆಕೆಂಡ್ ಎಂದು ಹಾಕಿದೆ. ಫೈರ್‌ಫಾಕ್ಸ್ ಇಡೀ ದಿನ ಒಪ್ಪುತ್ತದೆ, ಕ್ರೋಮ್ 2 ಗಂಟೆಗೇ ನಿಲ್ಲಿಸುತ್ತದೆ. ತೂಕ ಮುಗಿಯಲು ಅಷ್ಟು ಸಾಕು. ರೈಟರ್ ಈಗ ಕಣದಲ್ಲೇ ಕೂತು ಕಳಿಸುತ್ತಾರೆ.