ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್: ಮೊದಲು ತೇಲುವುದನ್ನು ಕಲಿಯಿರಿ

‘ಈಜು ಬಾರದಿದ್ದರೂ ಚಿಂತೆಯಿಲ್ಲ, ಲೈಫ್ ಜಾಕೆಟ್ ಕೊಡುತ್ತೇವೆ’ ಎಂಬ ಮಾತು ಸ್ನಾರ್ಕೆಲಿಂಗ್ (ಮುಖಕ್ಕೆ ಗಾಜಿನ ಮಾಸ್ಕ್ ತೊಟ್ಟು, ಬಾಯಲ್ಲಿ ಉಸಿರುಕೊಳವೆ ಇಟ್ಟುಕೊಂಡು, ನೀರಿನ ಮೇಲೆ ತೇಲುತ್ತಾ ಕೆಳಗಿನ ಹವಳ, ಮೀನು ನೋಡುವುದು) ಜಾಹೀರಾತುಗಳಲ್ಲಿ ಸಾಮಾನ್ಯ. ಮುಳುಗುವುದಿಲ್ಲ ಎಂಬಷ್ಟರ ಮಟ್ಟಿಗೆ ಅದು ನಿಜ. ಆದರೆ ನೀರಿನ ಮೇಲೆ ಬೋರಲಾಗಿ ಮಲಗಿ ತೇಲಲು ಬಾರದವರು ಸ್ವಲ್ಪ ಗಾಬರಿಯಾದರೂ ಕಾಲು ಕೆಳಗೆ ಬಿಟ್ಟು ನಿಲ್ಲಲು ನೋಡುತ್ತಾರೆ. ಆಳ ಕಡಿಮೆಯಿದ್ದರೆ ಕಾಲಿಗೆ ಸಿಗುವುದು ಹವಳ. ಅದು ಕಲ್ಲಿನಂತೆ ಕಂಡರೂ ಪುಟ್ಟ ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಕಟ್ಟಿಕೊಂಡ ಸುಣ್ಣದ ಮನೆ. ಗುಂಡಗೆ ಬೆಳೆಯುವ ಜಾತಿಯ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಅದೇ ಹೆಚ್ಚು. ಒಂದು ತುಳಿತಕ್ಕೆ ಹಲವು ವರ್ಷಗಳ ಬೆಳವಣಿಗೆ ಮುರಿಯುತ್ತದೆ, ತುಳಿದವರ ಪಾದವೂ ಸೀಳುತ್ತದೆ. ಹಾಗಾಗಿ ಹವಳದ ಕ್ಷೇಮ, ನಿಮ್ಮ ಕ್ಷೇಮ ಎರಡಕ್ಕೂ ಬೇಕಾದ ವಿದ್ಯೆ ಒಂದೇ: ನಿಲ್ಲದೆ ತೇಲುವುದು.

ಕರ್ನಾಟಕದವರಿಗೆ ಹತ್ತಿರದ ಜಾಗ ಉತ್ತರ ಕನ್ನಡದ ನೇತ್ರಾಣಿ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರವಿರುವ ಈ ದ್ವೀಪಕ್ಕೆ ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ಲಕ್ಷದ್ವೀಪದಲ್ಲಿ ಇರುವಂತೆ ಹವಳದ ದಂಡೆ ಸುತ್ತುವರಿದ ಶಾಂತ ನೀರು ಇಲ್ಲಿಲ್ಲ. ಕಡಿದಾದ ಬಂಡೆಗಳು ಸಮುದ್ರದೊಳಕ್ಕೆ ಇಳಿದಿವೆ. ಆ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ ಬೆಳೆದಿದೆ. ನಡೆದು ನೀರಿಗಿಳಿಯುವ ಮರಳಿನ ತೀರವಿಲ್ಲ, ದೋಣಿಯಿಂದ ನೇರ ತೆರೆದ ಕಡಲಿಗೇ ಇಳಿಯಬೇಕು. ಒಮ್ಮೆಯೂ ನೀರಿನಲ್ಲಿ ಮುಖ ಅದ್ದದವರು ಇಲ್ಲಿಂದ ಆರಂಭಿಸುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಊರಿನ ಈಜುಕೊಳದಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿಕೊಂಡು ಹೋಗಿ.

ಈಜುಕೊಳದಲ್ಲಿ

ಮೊದಲ ಕೆಲಸ ಮಾಸ್ಕ್ ಆರಿಸುವುದು. ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅಳತೆ ಸರಿ. ಕೂದಲೆಳೆ ಅಂಚಿನಡಿ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ದಪ್ಪ ಮೀಸೆಯವರಿಗೆ ಈ ತಾಪತ್ರಯ ಹೆಚ್ಚು. ಮೇಲ್ತುಟಿಗೂ ಮೂಗಿಗೂ ನಡುವಿನ ಭಾಗವನ್ನು ತುಸು ಕತ್ತರಿಸಿಕೊಳ್ಳಬೇಕಾಗಬಹುದು, ಮೀಸೆಯ ಮೇಲೆ ಅಭಿಮಾನವಿದ್ದವರು ಆಮೇಲೆ ಬೆಳೆಸಿಕೊಳ್ಳಲಿ. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಸೋರುವಿಕೆ ನಿಲ್ಲುವುದಿಲ್ಲ, ತಲೆನೋವು ಬರುತ್ತದೆ ಅಷ್ಟೇ. ಕನ್ನಡಕವನ್ನು ಮಾಸ್ಕಿನೊಳಗೆ ಹಾಕಿಕೊಳ್ಳಲಾಗುವುದಿಲ್ಲ. ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಗಾಜಿನ ಒಳಬದಿಗೆ ಉಗುಳು ಸವರಿ ನೀರಿನಲ್ಲಿ ತೊಳೆದರೆ ಮಂಜು ಕಟ್ಟುವುದಿಲ್ಲ. ಅಸಹ್ಯವೆನಿಸಿದರೂ ಅನುಭವಿಗಳೆಲ್ಲ ಮಾಡುವುದು ಇದನ್ನೇ.

ಇನ್ನು ಉಸಿರಾಟ. ಉಸಿರುಕೊಳವೆ ಒಂದು ಮೊಳಕ್ಕಿಂತ ಉದ್ದವಿರುವುದಿಲ್ಲ. ಉದ್ದವಾದರೆ ನಾವು ಬಿಟ್ಟ ಗಾಳಿಯೇ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಆಳದಲ್ಲಿ ಎದೆಯ ಮೇಲೆ ನೀರಿನ ಒತ್ತಡವೂ ಹೆಚ್ಚಿ ಉಸಿರೆಳೆಯುವುದೇ ಕಷ್ಟವಾಗುತ್ತದೆ. ಗಿಡ್ಡ ಕೊಳವೆಯಲ್ಲೂ ಬಿಟ್ಟ ಗಾಳಿ ಸ್ವಲ್ಪಮಟ್ಟಿಗೆ ಉಳಿದೇ ಉಳಿಯುವುದರಿಂದ ಸಣ್ಣ ಸಣ್ಣ ಉಸಿರು ಬೇಡ. ನಿಧಾನವಾಗಿ, ಆಳವಾಗಿ ಎಳೆದು ನಿಧಾನವಾಗಿ ಬಿಡಿ. ಕೊಳವೆಗೆ ನೀರು ಹೊಕ್ಕರೆ ಬಾಯಿಂದ ಒಮ್ಮೆಲೇ ಜೋರಾಗಿ ಊದಿ ಹೊರಹಾಕಬೇಕು. ಇದಕ್ಕಾಗಿ ಎದೆಯಲ್ಲಿ ಸದಾ ಸ್ವಲ್ಪ ಗಾಳಿ ಉಳಿಸಿಕೊಂಡಿರಬೇಕು. ಬೇಕೆಂದೇ ಕೊಳವೆಯನ್ನು ಮುಳುಗಿಸಿ, ಊದಿ, ಮತ್ತೆ ಮುಳುಗಿಸಿ ರೂಢಿ ಮಾಡಿಕೊಳ್ಳಿ.

ಕೊನೆಯದು ಕಾಲಿನ ಕೆಲಸ. ಹೊಸಬರು ಸೈಕಲ್ ತುಳಿದಂತೆ ಮೊಣಕಾಲು ಮಡಿಸಿ ಒದೆಯುತ್ತಾರೆ. ಅದರಿಂದ ಮುಂದೆ ಸಾಗುವುದೂ ಇಲ್ಲ, ಮೈ ನೇರ ನಿಂತುಬಿಡುತ್ತದೆ. ಸೊಂಟದಿಂದ, ಕಾಲು ನೀಳವಾಗಿಟ್ಟು, ಮೆಲ್ಲಗೆ ಬಡಿಯಿರಿ. ದಪ್ಪ ಲೈಫ್ ಜಾಕೆಟ್ ನಿಮ್ಮನ್ನು ನೆಟ್ಟಗೆ ನಿಲ್ಲಿಸಲು ಎಳೆಯುತ್ತದಾದ್ದರಿಂದ ಅದನ್ನು ತೊಟ್ಟೇ ಅಭ್ಯಾಸ ಮಾಡಿ. ಕಾಲೂರದೆ ಹತ್ತು ನಿಮಿಷ ಬೋರಲು ತೇಲಲು ಬಂದರೆ ಕಡಲಿಗೆ ಹೊರಡಬಹುದು.

ದೋಣಿ ಹತ್ತುವ ಮುನ್ನ

ಮಳೆಗಾಲದಲ್ಲಿ ನೇತ್ರಾಣಿ ಪ್ರವಾಸ ಇರುವುದಿಲ್ಲ. ಉಳಿದ ತಿಂಗಳುಗಳಲ್ಲೂ ಗಾಳಿ ಜೋರಿದ್ದ ದಿನ ದೋಣಿಯವರು ಬೇಡವೆಂದರೆ ವಾದಿಸಬೇಡಿ. ದೋಣಿ ಪ್ರಯಾಣದಲ್ಲಿ ವಾಂತಿಯಾಗುವವರು ಲಘು ಉಪಾಹಾರ ಮಾಡಿ, ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಅಲೆಗಳ ನಡುವೆ ನುಂಗಿದರೆ ಪ್ರಯೋಜನವಿಲ್ಲ. ಹೃದಯದ ತೊಂದರೆ, ಆಸ್ತಮಾ ಇದ್ದವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ಮದ್ಯ ಸೇವಿಸಿದವರಿಗಂತೂ ನೀರು ನಿಷಿದ್ಧ.

ಬೆನ್ನು ಬಿಸಿಲಿಗೆ ಒಡ್ಡಿಕೊಂಡೇ ತೇಲುವುದರಿಂದ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಸನ್‌ಸ್ಕ್ರೀನ್ ಬಳಿದುಕೊಳ್ಳುವುದಕ್ಕಿಂತ ಮೈಗಂಟುವ ತುಂಬುತೋಳಿನ ಈಜು ಅಂಗಿ ಲೇಸು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ ಹವಳದ ಮೇಲಿನ ಕಾಳಜಿಯಿಂದಲೇ 2021ರಿಂದ ನಿರ್ಬಂಧಿಸಿದೆ.

ಪ್ರವಾಸದವರನ್ನು ಎರಡು ಪ್ರಶ್ನೆ ಕೇಳಿ. ನೀರಿನಲ್ಲಿ ನಮ್ಮ ಜೊತೆ ಮಾರ್ಗದರ್ಶಕರು ಇರುತ್ತಾರೆಯೇ? ಲಂಗರನ್ನು ಎಲ್ಲಿ ಹಾಕುತ್ತೀರಿ? ಹವಳದ ಮೇಲೆ ಬಿದ್ದ ಒಂದು ಲಂಗರು ಪ್ರವಾಸಿಗರ ಕಾಲಿಗಿಂತ ಹೆಚ್ಚು ಹಾಳುಮಾಡಬಲ್ಲದು. ಎರಡನೆಯ ಪ್ರಶ್ನೆಗೆ ನಕ್ಕು ಸುಮ್ಮನಾಗುವವರ ಬಳಿ ಹಣ ಕಟ್ಟಬೇಡಿ.

ನೀರಿನಲ್ಲಿ

ಒಬ್ಬರೇ ಇಳಿಯಬಾರದು. ಜೊತೆಗಾರರು ಕೈಯಳತೆಯಲ್ಲಿರಲಿ. ಇಳಿದ ಕೂಡಲೇ ಮೀನಿನ ಹಿಂದೆ ಹೋಗದೆ ದೋಣಿಯ ಪಕ್ಕದಲ್ಲೇ ಉಸಿರು ಹದಕ್ಕೆ ಬರುವವರೆಗೆ ತೇಲಿ. ಬಳಿಕ ನೀರಿನ ಸೆಳೆತಕ್ಕೆ ಎದುರಾಗಿ ಹೊರಡಿ. ದಣಿದು ಮರಳುವಾಗ ಅದೇ ಸೆಳೆತ ನಿಮ್ಮನ್ನು ದೋಣಿಯ ಕಡೆ ತರುತ್ತದೆ. ಕೆಳಗೆ ನೋಡುತ್ತಾ ಮೈಮರೆತರೆ ದೂರ ಸರಿದದ್ದು ತಿಳಿಯುವುದಿಲ್ಲ, ಆಗಾಗ ತಲೆಯೆತ್ತಿ ದೋಣಿ ಎಲ್ಲಿದೆ ನೋಡಿ. ಬಂಡೆಗೆ ಅಲೆ ಬಡಿಯುವ ಜಾಗದಿಂದ ದೂರವಿರಿ.

ಏದುಸಿರು ಬಂದರೆ ಕೊಳವೆಯ ಮೂಲಕವೇ ಸುಧಾರಿಸಿಕೊಳ್ಳಲು ಹೆಣಗಬೇಡಿ. ಕೊಳವೆಯನ್ನು ಬಾಯಿಂದ ತೆಗೆದು, ಅಂಗಾತ ತಿರುಗಿ, ಒಂದು ಕೈ ಮೇಲೆತ್ತಿ ಬೀಸಿ. ಉಸಿರು ಕಟ್ಟಿ ಆಳಕ್ಕೆ ಮುಳುಗುವ ಸಾಹಸ ಹೊಸಬರಿಗೆ ಬೇಡವೇ ಬೇಡ.

ಮೀನುಗಳಿಗೆ ಬ್ರೆಡ್ ಹಾಕಿ ಫೋಟೊ ತೆಗೆಸುವ ಚಾಳಿ ಹಲವೆಡೆ ಇದೆ. ಗಿಳಿಮೀನಿನಂಥವು ಹವಳದ ಮೇಲಿನ ಪಾಚಿ ಮೇಯ್ದು ಅದನ್ನು ಚೊಕ್ಕಟವಾಗಿಡುತ್ತವೆ. ಬ್ರೆಡ್ಡಿಗೆ ಒಗ್ಗಿದ ಮೀನುಗಳು ಸಹಜವಾಗಿ ಮೇಯುವುದನ್ನು ಬಿಡುತ್ತವೆ, ಕೆಲವು ಕಚ್ಚಲೂ ಬರುತ್ತವೆ. ಕಡಲಾಮೆ ಕಂಡರೆ ಅದರ ಮೇಲ್ಗಡೆ ಹೋಗಬೇಡಿ, ಉಸಿರಾಡಲು ಅದು ಮೇಲೆ ಬರಲೇಬೇಕು. ಹವಳದ ಚೂರು ಸತ್ತದ್ದೇ ಇರಲಿ, ಚೀಲಕ್ಕೆ ಹಾಕಬೇಡಿ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಹುಲಿಗೆ ಇರುವ ರಕ್ಷಣೆ ಇವಕ್ಕೂ ಇದೆ.

ಎಷ್ಟು ಎಚ್ಚರವಹಿಸಿದರೂ ಮೊಣಕಾಲು ತರಚಿದರೆ ಸಣ್ಣ ಗಾಯವೆಂದು ಬಿಡಬೇಡಿ. ಹವಳದ ಸಣ್ಣ ಚೂರುಗಳು ಒಳಗೆ ಉಳಿದರೆ ಕೀವು ಕಟ್ಟುತ್ತದೆ. ಶುದ್ಧ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ; ಕೆಂಪು, ಊತ ಹೆಚ್ಚಿದರೆ ಊರಿಗೆ ಮರಳುವವರೆಗೆ ಕಾಯದೆ ಅಲ್ಲಿಯೇ ವೈದ್ಯರಿಗೆ ತೋರಿಸಿ.