ಎಚ್‌ಐವಿ ಇದ್ದವರ ಅಡುಗೆ ಎಣ್ಣೆ ಲೆಕ್ಕ: ಅಂಗಡಿಯಲ್ಲೇ ಶುರು ಮಾಡಿ

ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ನುಂಗಿದರೆ ವೈರಸ್ ಹತೋಟಿಯಲ್ಲಿರುತ್ತದೆ. ಆದರೂ ಮೈಯೊಳಗೆ ಸಣ್ಣ ಮಟ್ಟದ ಉರಿಯೂತ ಉಳಿದೇ ಇರುತ್ತದೆ. ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಹಾಗೆ ಕೆಟ್ಟುಹೋದ ಕಡೆ ಕೊಬ್ಬು ಕೂರುತ್ತದೆ. ಹಾಗಾಗಿ ಎಚ್‌ಐವಿ ಇರುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಜಾಸ್ತಿ.

ಮೊದಲು ರಕ್ತ ಪರೀಕ್ಷೆ. ಮುಂದಿನ ಸಲ ಎಆರ್‌ಟಿ ಕೇಂದ್ರಕ್ಕೆ ಹೋದಾಗ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ) ಬಗ್ಗೆ ಕೇಳಿ. ಎಆರ್‌ಟಿ ಔಷಧಗಳಲ್ಲಿ ಲೊಪಿನಾವಿರ್-ರಿಟೊನಾವಿರ್ ತಗೊಳ್ಳುವವರಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುವುದುಂಟು. ಡೊಲುಟೆಗ್ರಾವಿರ್ ಎಂಬ ಇನ್ನೊಂದು ಔಷಧದಲ್ಲಿ ಆ ಕಾಟ ಕಡಿಮೆ, ತೂಕ ಮಾತ್ರ ಹೆಚ್ಚಬಹುದು. ಕೊಲೆಸ್ಟ್ರಾಲ್ ಜಾಸ್ತಿ ಬಂತೆಂದು ಎಆರ್‌ಟಿ ನಿಲ್ಲಿಸಲೇಬೇಡಿ. ನಿಲ್ಲಿಸಿದರೆ ಹೃದಯಕ್ಕೇ ಅಪಾಯ ಹೆಚ್ಚು.

ಆಮೇಲೆ ಎಣ್ಣೆ. ಒಗ್ಗರಣೆ ಹಾಕುವಾಗ ಚಮಚ ಎಣಿಸುತ್ತಾ ನಿಲ್ಲೋಕೆ ಯಾರಿಗೆ ಪುರುಸೊತ್ತಿದೆ? ತಿಂಗಳ ಸಾಮಾನು ತರುವಾಗಲೇ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದಿಟ್ಟುಕೊಂಡರೆ, ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಚಿಲ್ಲರೆ. ತುಪ್ಪ, ಬೆಣ್ಣೆಯೂ ಇದರಲ್ಲೇ ಸೇರಬೇಕು. ಇದು ಮನೆಮಂದಿಗೆಲ್ಲ ಒಳ್ಳೆಯದೇ. ಅಡುಗೆ ಒಂದೇ ಆದಾಗ ‘ನಿನಗೊಬ್ಬನಿಗೆ ಯಾಕೆ ಬೇರೆ ಊಟ?’ ಎಂಬ ಪ್ರಶ್ನೆಯೂ ಬರುವುದಿಲ್ಲ. ವಿಷಯ ಹೇಳಿಕೊಳ್ಳದವರಿಗೆ ಇದು ದೊಡ್ಡ ನೆಮ್ಮದಿ, ಅಲ್ವಾ?

ಯಾವ ಎಣ್ಣೆ? ಶೇಂಗಾ, ಸೂರ್ಯಕಾಂತಿ ಎಣ್ಣೆಗಳನ್ನು ಬದಲಾಯಿಸುತ್ತಾ ಬಳಸಿ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ, ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ (ಕೊಲೆಸ್ಟ್ರಾಲ್ ಏರಿಸುವ) ಕೊಬ್ಬಿದೆ. ಇವೆರಡಕ್ಕೂ ಕಡಿವಾಣ ಇರಲಿ. ಬೋಂಡಾ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಒಳ್ಳೆಯ ಕೊಬ್ಬು ಬಿಡಬೇಡಿ. ಬಂಗುಡೆ, ಬೂತಾಯಿಯಲ್ಲಿ ಒಮೆಗಾ-3 ಇದೆ. ಫ್ರೈ ಬಿಟ್ಟು ಸಾರು ಮಾಡಿ. ಮೀನು ತಿನ್ನದವರು ಜೋಳದ ರೊಟ್ಟಿಗೆ ಅಗಸಿ ಚಟ್ನಿಪುಡಿ ಹಚ್ಚಿಕೊಳ್ಳಲಿ. ತೀರಾ ತೂಕ ಇಳಿದವರು ಎಣ್ಣೆ ಕಡಿತಕ್ಕೆ ಮೊದಲು ವೈದ್ಯರನ್ನು ಕೇಳಬೇಕು.

ಟ್ರೈಗ್ಲಿಸರೈಡ್ ಇಳಿಯದಿದ್ದರೆ ಸಕ್ಕರೆ, ಮೈದಾ, ಮದ್ಯದ ಕಡೆ ನೋಡಿ. ಸುಮ್ನೆ ಎಣ್ಣೆಯನ್ನೇ ಬೈದರೆ ಆಗದು.

ಊಟವೊಂದೇ ಸಾಲದವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಇದೆ. ಭಾರತದವರೂ ಸೇರಿದಂತೆ 7,769 ಎಚ್‌ಐವಿ ಇರುವವರ ಮೇಲೆ ನಡೆದ ‘ರಿಪ್ರೀವ್’ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಪಿಟಾವಾಸ್ಟಾಟಿನ್ ಎಂಬ ಸ್ಟಾಟಿನ್ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಶೇ 35ರಷ್ಟು ಕಡಿಮೆ ಇತ್ತು. ಎಲ್ಲ ಸ್ಟಾಟಿನ್ ಒಂದೇ ಅಲ್ಲ. ರಿಟೊನಾವಿರ್ ಜೊತೆ ಸಿಮ್ವಾಸ್ಟಾಟಿನ್ ಸೇರಿದರೆ ಸ್ನಾಯುಗಳಿಗೆ ಪೆಟ್ಟು. ಬೇರೆ ಕ್ಲಿನಿಕ್‌ನಲ್ಲಿ ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟರೆ, ನುಂಗುವ ಮೊದಲು ಆ ಚೀಟಿಯನ್ನು ಎಆರ್‌ಟಿ ವೈದ್ಯರಿಗೆ ತೋರಿಸಿ.